ಕ್ಯಾಥೊಲಿಕ್ ಸಿಸ್ಟರ್‌ಗಳಿಗೆ ಸಂಬಳ ಇದೆಯೇ? ಅವರು ಯಾವ ಸೇವೆ ಮಾಡಬೇಕೆಂದು ನಿರ್ಧರಿಸುವವರು ಯಾರು?

ಸಂಬಳ ಬರುವ ಕೆಲಸದಲ್ಲಿದ್ದರೆ ಬರುತ್ತದೆ, ಆದರೆ ಸಿಸ್ಟರ್ ಕೈಯಲ್ಲಿ ಉಳಿಯುವುದಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವರ ದುಡಿಮೆ ಅವರ ಕಾಂಗ್ರಿಗೇಷನ್‌ಗೆ, ಅಂದರೆ ಅವರು ಸೇರಿದ ಸಿಸ್ಟರ್‌ಗಳ ಸಂಘಕ್ಕೆ, ಸೇರುತ್ತದೆ. ಸಾಮಾನ್ಯವಾಗಿ ಪಿಂಚಣಿಯೂ ಅಷ್ಟೆ. 1983ರ ಕ್ಯಾನನ್ ಕಾನೂನಿನ (ಕ್ಯಾಥೊಲಿಕ್ ಚರ್ಚಿನ ಕಾನೂನು) 668ನೇ ವಿಧಿ ಹೇಳುವುದು ಇದನ್ನೇ. ತವರಿನ ಆಸ್ತಿಯ ಮಾತು ಬೇರೆ: ಮೊದಲ ವ್ರತಕ್ಕೆ ಮುಂಚೆ ಅದರ ಉಸ್ತುವಾರಿಯನ್ನು ತಮಗೆ ಬೇಕಾದವರಿಗೆ ಒಪ್ಪಿಸಬೇಕು, ಜೀವನಪೂರ್ತಿಯ ನಿತ್ಯವ್ರತಕ್ಕೆ ಮುಂಚೆ ಉಯಿಲು ಬರೆದಿಡಬೇಕು.

ಶಾಲೆಯಲ್ಲಿ ಕಲಿಸುವ ಸಿಸ್ಟರ್‌ನ ಸಂಬಳದಲ್ಲಿ ಕಾನ್ವೆಂಟಿನ ಊಟ, ತರಬೇತಿಯಲ್ಲಿರುವವರ ಓದು, ಹಾಸಿಗೆ ಹಿಡಿದ ಹಿರಿಯರ ಆರೈಕೆ ಎಲ್ಲ ನಡೆಯಬೇಕು. ಜೈಲು ಭೇಟಿ, ಅನಾಥರ ಪಾಲನೆಯಂಥ ಸಂಬಳವಿಲ್ಲದ ಸೇವೆಗೂ ಅದೇ ಆಸರೆ. ಸಂಬಳ ತರುವ ಸಿಸ್ಟರ್‌ಗಳು ಕಡಿಮೆಯಾಗಿ ಹಿರಿಯರು ಹೆಚ್ಚಾದಾಗ ಮೊದಲು ನಿಲ್ಲುವುದು ಇಂಥ ಸೇವೆಗಳೇ. ನನಗೆ ತೀರ ಬೇಸರ ತರುವ ಸಂಗತಿ ಇದು.

ಯಾರನ್ನು ಎಲ್ಲಿಗೆ ಕಳಿಸಬೇಕೆಂಬುದು ಪ್ರಾವಿನ್ಶಿಯಲ್ (ಕಾಂಗ್ರಿಗೇಷನ್ನಿನ ಒಂದು ಪ್ರಾಂತ್ಯದ ಮುಖ್ಯಸ್ಥೆ) ಮತ್ತು ಅವರ ಕೌನ್ಸಿಲ್‌ಗೆ ಬಿಟ್ಟದ್ದು. ಸಿಸ್ಟರ್‌ನ ಓದು, ಆರೋಗ್ಯ, ಒಲವು ವಿಚಾರಿಸುತ್ತಾರೆ, ಆದರೆ ಕೊನೆಯ ಮಾತು ಪ್ರಾವಿನ್ಶಿಯಲ್‌ದೇ. ಅವರಾದರೂ ಕಾಂಗ್ರಿಗೇಷನ್ ಸ್ಥಾಪಕರ ಉದ್ದೇಶ ಮೀರುವಂತಿಲ್ಲ. ಮದರ್ ತೆರೇಸಾ 1950ರಲ್ಲಿ ಆರಂಭಿಸಿದ ಮಿಷನರೀಸ್ ಆಫ್ ಚಾರಿಟಿಯವರಿಗೆ ಕಡುಬಡವರಿಗೆ ಉಚಿತ ಸೇವೆ ಎಂಬ ನಾಲ್ಕನೆಯ ವ್ರತವೇ ಇದೆ. ಶುಲ್ಕ ಪಡೆಯುವ ಶಾಲೆ ಅವರಿಗೆ ಹೊಂದದು. ಚರ್ಚಿನ ನಿಯಮವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ವ್ರತ ತೊಟ್ಟ ಸಿಸ್ಟರ್‌ಗಳು ಹೆರಿಗೆ ಮಾಡಿಸುವುದಕ್ಕೆ ರೋಮ್ ಒಪ್ಪಿಗೆ ಕೊಟ್ಟದ್ದು 1936ರಲ್ಲಿ. ವೈದ್ಯೆ ಆನಾ ಡೆಂಗೆಲ್ 1925ರಲ್ಲೇ ಕಟ್ಟಿದ ಮೆಡಿಕಲ್ ಮಿಷನ್ ಸಿಸ್ಟರ್ಸ್ ಅದುವರೆಗೆ ಸಾರ್ವಜನಿಕ ವ್ರತವಿಲ್ಲದೆಯೇ ದುಡಿಯಬೇಕಾಯಿತು.

ಎಡವಟ್ಟಾಗುವುದು ಹೆಚ್ಚಾಗಿ ಎರಡು ಕಡೆ. ಒಂದು, ನೊವಿಶಿಯೇಟ್, ಅಂದರೆ ಮೊದಲ ವ್ರತಕ್ಕೆ ಮುಂಚಿನ ತರಬೇತಿ, ಕನಿಷ್ಠ 12 ತಿಂಗಳು. ಆ ಅವಧಿಯಲ್ಲಿ ತರಬೇತಿಗೆ ನೇರವಾಗಿ ನೆರವಾಗದ ಕೆಲಸ ಹಚ್ಚಬಾರದು. ಶಿಕ್ಷಕಿಯರ ಕೊರತೆಯೆಂದು ನೊವಿಸ್‌ಗಳನ್ನು (ಈ ತರಬೇತಿಯಲ್ಲಿರುವವರನ್ನು) ಪಾಠ ಮಾಡಲು ತರಗತಿಗೆ ಕಳಿಸುವುದು ತಪ್ಪು. ಇನ್ನೊಂದು, ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ಆಡಳಿತದ ಪ್ರದೇಶ) ಶಾಲೆ ಅಥವಾ ಆಸ್ಪತ್ರೆಯನ್ನು ಬಾಯಿಮಾತಿನ ಮೇಲೆ ವಹಿಸಿಕೊಳ್ಳುವುದು. ಬಿಷಪ್ ಮತ್ತು ಕಾಂಗ್ರಿಗೇಷನ್ನಿನ ಸುಪೀರಿಯರ್ (ಮುಖ್ಯಸ್ಥೆ) ನಡುವೆ ಲಿಖಿತ ಒಪ್ಪಂದ ಆಗಲೇಬೇಕು (681ನೇ ವಿಧಿ): ಯಾವ ಕೆಲಸ, ಎಷ್ಟು ಸಿಸ್ಟರ್‌ಗಳು, ಹಣದ ವ್ಯವಸ್ಥೆ ಹೇಗೆ ಎಂಬುದೆಲ್ಲ ಅದರಲ್ಲಿರಬೇಕು. ಕಟ್ಟಡ ಯಾರ ಹೆಸರಿನಲ್ಲಿದೆ, ರಿಪೇರಿ ಯಾರ ಖರ್ಚು, ಬಿಟ್ಟುಹೋಗುವಾಗ ಎಷ್ಟು ತಿಂಗಳು ಮುಂಚೆ ತಿಳಿಸಬೇಕು ಎಂಬುದನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು.