ಘಟ್ಟದ ಮೇಲೆ ಕಾಯಿಲೆ, ಘಟ್ಟದ ಕೆಳಗೆ ದೊಡ್ಡಾಸ್ಪತ್ರೆ

ಮೂಡಿಗೆರೆ ಕಡೆ ಸಣ್ಣ ತೋಟ ತಗೊಂಡು ಇಲ್ಲೇ ನೆಲೆಸುವ ಯೋಚನೆ ನಿಮ್ಮದು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಹತ್ತಿರದಲ್ಲಿ ಒಳ್ಳೆ ಆಸ್ಪತ್ರೆ ಇದೆಯಾ ಅಂತ ಕೇಳಿದ್ದೀರಿ. ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ ಘಾಟಿ ಶುರು. ಅಲ್ಲಿಗೆ ಚಿಕ್ಕಮಗಳೂರು ಜಿಲ್ಲೆ ಮುಗಿಯುತ್ತೆ, ಕೆಳಗೆ ದಕ್ಷಿಣ ಕನ್ನಡ. ನಮಗೆ ಕಚೇರಿ ಕೆಲಸಕ್ಕೆ ಚಿಕ್ಕಮಗಳೂರು, ಜೀವ ಉಳಿಸಿಕೊಳ್ಳೋಕೆ ಮಂಗಳೂರು. ಮೂಡಿಗೆರೆಯಿಂದ ಸುಮಾರು 110 ಕಿಲೋಮೀಟರ್. ಕೊಪ್ಪ, ಶೃಂಗೇರಿ ಕಡೆಯವರು ಮಣಿಪಾಲಕ್ಕೆ ಹೋಗುತ್ತಾರೆ. ಸಕಲೇಶಪುರ, ಆಲೂರಿನವರಿಗೆ ಹಾಸನ ಹತ್ತಿರ. ಅಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಹಿಮ್ಸ್ ಅಂತ ಎಲ್ಲರೂ ಕರೆಯುತ್ತಾರೆ. ಚಿಕ್ಕಮಗಳೂರಿಗೂ ಈಚೆಗೆ ಮೆಡಿಕಲ್ ಕಾಲೇಜು ಬಂದಿದೆ. ಆದರೂ ತಲೆಗೆ ಪೆಟ್ಟು, ಬೆನ್ನುಮೂಳೆ, ಉಸಿರಾಟದ ತೊಂದರೆ ಅಂದ ತಕ್ಷಣ ನಮ್ಮವರ ಬಾಯಲ್ಲಿ ಬರೋದು ಮಂಗಳೂರೇ. ಅಪ್ಪ, ಅಜ್ಜನ ಕಾಲದಿಂದ ಹೋಗಿ ಬಂದ ದಾರಿ ಅದು.

ಅಲ್ಲಿ ಹೋಗಿ ಹುಷಾರಾಗಿ ಬಂದವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಅವರನ್ನೆಲ್ಲ ನೋಡಿ ನನಗೆ ಗಟ್ಟಿಯಾಗಿ ಅನ್ನಿಸಿರೋದು ಇಷ್ಟು: ದೊಡ್ಡಾಸ್ಪತ್ರೆಯ ಚಿಕಿತ್ಸೆ ಎಷ್ಟೇ ಮುಂದುವರಿದಿರಲಿ, ನಮ್ಮಂಥವರು ಬದುಕೋದು ಘಟ್ಟ ಇಳಿಯೋ ಮೊದಲು ಇಲ್ಲಿ ಏನು ಮಾಡಿದರು ಅನ್ನೋದರ ಮೇಲೆ. ಆಮೇಲೆ ಎದ್ದು ಓಡಾಡೋದು, ಘಟ್ಟ ಹತ್ತಿ ವಾಪಸ್ ಬಂದ ಮೇಲೆ ಮನೆಯಲ್ಲಿ ಏನು ಮಾಡಿದರು ಅನ್ನೋದರ ಮೇಲೆ.

ಪಕ್ಕದ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರು ಇರುವ ಸಾಲುಮನೆಯಲ್ಲಿ, ನಡೆದದ್ದು ಹೇಳುತ್ತೇನೆ. ಕಾಫಿ ಕುಯ್ಯೋಕೆ ಬರುವ ಒಬ್ಬ ಹೆಂಗಸು, ಮಳೆಗಾಲದ ರಾತ್ರಿ ನೆಲದ ಮೇಲೆ ಚಾಪೆ ಹಾಕಿ ಮಲಗಿದ್ದರು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದರು. ಗಾಯ ಇಲ್ಲ, ಊತ ಇಲ್ಲ, ಉರಿ ಇಲ್ಲ. ಒಂದು ಗಂಟೆಯೊಳಗೆ ರೆಪ್ಪೆ ಎತ್ತೋಕಾಗದೆ ಕಣ್ಣು ತಾನಾಗೇ ಮುಚ್ಚಿಕೊಳ್ಳೋಕೆ ಶುರುವಾಯಿತು. ಮಾತು ತೊದಲಿತು. ದೇವರು ಮೈಮೇಲೆ ಬಂದಿದೆ ಅಂತ ಒಬ್ಬರು, ನಿದ್ದೆಗೆಟ್ಟಿದ್ದಾಳೆ ಅಂತ ಇನ್ನೊಬ್ಬರು. ಪುಣ್ಯಕ್ಕೆ ತೋಟದ ಲೆಕ್ಕ ನೋಡುವ ರೈಟರು ಜೀಪು ತೆಗೆದು ತಾಲ್ಲೂಕು ಆಸ್ಪತ್ರೆಗೆ ಹಾಕಿಕೊಂಡು ಹೋದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ರೆಪ್ಪೆ ನೋಡಿದ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ: ‘ರಾತ್ರಿ ನೆಲದ ಮೇಲೆ ಮಲಗಿದ್ರಾ?’

ಕಟ್ಟುಹಾವು. ಅದರ ಹಲ್ಲು ಸಣ್ಣದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರಿಗೇ ಜಾಸ್ತಿ ಕಚ್ಚುತ್ತೆ. ವಿಷ ನರದ ತುದಿಗೆ ಹೋಗಿ ಕೂರುತ್ತೆ. ಅಲ್ಲಿಂದ ಸ್ನಾಯುವಿಗೆ ಸುದ್ದಿ ಹೋಗಲ್ಲ. ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರಾಡುವ ಸ್ನಾಯು ಕೈಕೊಡುತ್ತೆ. ವಿಷನಿರೋಧಕ ಇಂಜೆಕ್ಷನ್ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತೆ, ಈಗಾಗಲೇ ನರದ ತುದಿ ಹಿಡಿದಿರೋದನ್ನ ಬಿಡಿಸೋಕೆ ಅದಕ್ಕೆ ಆಗಲ್ಲ. ಆ ತುದಿಗಳು ಮತ್ತೆ ಸರಿಹೋಗೋವರೆಗೆ ರೋಗಿಗೆ ಬೇರೆ ಯಾರಾದರೂ ಉಸಿರು ಕೊಡಬೇಕು. ವೆಂಟಿಲೇಟರ್ ಮಾಡೋದು ಅದನ್ನೇ.

ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಶುರು ಮಾಡಿ, ಗಂಟಲಿಗೆ ನಳಿಗೆ ಇಳಿಸಿ ಆಂಬುಲೆನ್ಸ್ ಹತ್ತಿಸಿದರು. ಚಾರ್ಮಾಡಿ ತಿರುವುಗಳಲ್ಲಿ ಒಬ್ಬ ಸಿಬ್ಬಂದಿ ಕೈಯಲ್ಲಿ ಗಾಳಿಚೀಲ ಒತ್ತುತ್ತಲೇ ಕೂತಿದ್ದರು. ಆ ಕೈ ನಿಂತಿದ್ದರೆ ಕೆಳಗಿದ್ದ ದೊಡ್ಡ ಐಸಿಯುನಿಂದ ಏನೂ ಪ್ರಯೋಜನ ಇರಲಿಲ್ಲ, ಅಲ್ವಾ?

ಮಂಗಳೂರಿನಲ್ಲಿ ಮನೆಯವರು ನೋಡಿದಾಗ ಎಲ್ಲ ಮುಗಿದೇ ಹೋಯಿತು ಅನ್ನುವ ಹಾಗಿತ್ತು. ಕಣ್ಣು ಬಿಡಲ್ಲ, ಕೈ ಆಡಿಸಲ್ಲ. ಗಂಡ ‘ಮನೆಗೆ ಕರ್ಕೊಂಡು ಹೋಗ್ತೀನಿ’ ಅಂತ ಹಟ ಹಿಡಿದ. ಆಗ ಅಲ್ಲಿ ಕಲಿಯುತ್ತಿದ್ದ ಪಿಜಿ ಡಾಕ್ಟರ್ ಒಬ್ಬರು ಅವನನ್ನು ಹಾಸಿಗೆ ಹತ್ತಿರ ಕರೆದು, ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ‘ಅಮ್ಮ, ಕಾಲಿನ ಹೆಬ್ಬೆರಳು ಅಲ್ಲಾಡಿಸಿ’ ಅಂದರು. ಸ್ವಲ್ಪವೇ ಸ್ವಲ್ಪ ಅಲ್ಲಾಡಿತು. ಗಂಡ ಅಲ್ಲೇ ಕುಸಿದು ಕೂತ. ಆಕೆ ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ‘ಎಲ್ಲಾ ಕೇಳಿಸ್ತಿತ್ತು ಅಣ್ಣ, ಇವರು ಅತ್ತಿದ್ದೂ ಕೇಳಿಸ್ತು, ಬಾಯಿ ಬಿಡೋಕೆ ಮಾತ್ರ ಆಗ್ತಿರ್ಲಿಲ್ಲ’ ಅಂತ ನನಗೆ ಹೇಳಿದರು. ಹಾಗಾಗಿ ಕಟ್ಟುಹಾವು ಕಡಿದವರ ಪಕ್ಕ ನಿಂತು ಸಾವಿನ ಮಾತು ಆಡಬೇಡಿ. ನಿಮ್ಮ ತೋಟದ ಲೈನ್ ಮನೆಗಳಿಗೆ ಮೊದಲ ದಿನವೇ ಮಂಚ, ಸೊಳ್ಳೆಪರದೆ ಕೊಡಿಸಿ. ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಬೇಕು.

ಹಾವಿನ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಫಿ ಗಿಡದ ರೆಂಬೆಯ ಮೇಲೆ, ತರಗೆಲೆಯ ಮೇಲೆ ಬಣ್ಣ ಸೇರಿಸಿಕೊಂಡು ಕೂರುವ ಗುಳಿಮಂಡಲಗಳಿಗೆ ಅದು ನೆಚ್ಚುವಂಥ ಔಷಧಿ ಅಲ್ಲ. ಅವು ಕಚ್ಚಿದರೆ ಸಾಮಾನ್ಯವಾಗಿ ಊತ, ನೋವು. ಕೆಲವರಿಗೆ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡಕ್ಕೆ ತೊಂದರೆಯಾಗಿ ಡಯಾಲಿಸಿಸ್‌ವರೆಗೂ ಹೋಗುತ್ತೆ. ಆದ್ದರಿಂದ ‘ಇದು ಸಣ್ಣ ಹಾವು’ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇದು ನಮ್ಮಂಥ ಕಡೆ ನಿಜಕ್ಕೂ ದೊಡ್ಡ ಹೆಜ್ಜೆ. ಲೆಕ್ಕಕ್ಕೇ ಬರದ ಸಾವುಗಳಿಗೆ ಔಷಧಿಯ ದಾಸ್ತಾನು ಯಾರು ಕಳಿಸುತ್ತಾರೆ?

ಇನ್ನು ನಿಮ್ಮ ತಂದೆಯವರ ವಯಸ್ಸಿಗೆ ಬೇಕಾದ ವಿಷಯ, ಹೃದಯ. 2025ರ ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದ ಸುದ್ದಿ ದಿನಾ ಬರುತ್ತಿತ್ತು. ಜನ ಹೆದರಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತರು. ಸರ್ಕಾರ ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜವಾದ ಏರಿಕೆ ಏನೂ ಇಲ್ಲ ಅಂತ ವರದಿ ಬಂತು. ಹೆದರಿಕೆ ಕಮ್ಮಿಯಾಯಿತು. ಆದರೆ ಎದೆನೋವು ಬಂದರೆ ಏನು ಮಾಡಬೇಕು ಅನ್ನೋದು ಎಲ್ಲರಿಗೂ ತಲುಪಿದೆಯಾ ಅಂದರೆ ನನಗೆ ಅನುಮಾನ.

ನಮ್ಮ ದೊಡ್ಡಪ್ಪನಿಗೆ ಸಂತೆ ದಿನ ಎದೆ ಹಿಡಿದುಕೊಂಡಿತು, ಬೆವರು ಸುರಿಯಿತು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಜಗಲಿ ಮೇಲೆ ಕೂತರು. ಸೊಸೆ ಅಂಗನವಾಡಿ ಟೀಚರ್. ‘ಮಾವ, ಗ್ಯಾಸ್ಟ್ರಿಕ್ಕೇ ಆದ್ರೆ ಒಳ್ಳೇದೇ, ಇಸಿಜಿ ಮಾಡಿಸಿ ಬರೋಣ’ ಅಂತ ಬಿಡದೆ ಹೊರಡಿಸಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ರಕ್ತನಾಳ ಪೂರ್ತಿ ಮುಚ್ಚಿದ್ದು ಗೊತ್ತಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟರು, ಟೆನೆಕ್ಟೆಪ್ಲೇಸ್ ಅಂತ ಅದರ ಹೆಸರು. ಹೊರಗೆ ಹತ್ತಾರು ಸಾವಿರ ರೂಪಾಯಿ ಆಗುತ್ತೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಉಚಿತ. ಅದನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಹಂತ ಹಂತವಾಗಿ ತರುತ್ತಿದ್ದಾರೆ. ಇಲ್ಲಿಯ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡಿ ಇಂಜೆಕ್ಷನ್ ಕೊಡಿ ಅಂತ ಹೇಳುವ ವ್ಯವಸ್ಥೆ ಅದು.

ಇಂಜೆಕ್ಷನ್ ಕೊಟ್ಟರೆ ಕೆಲಸ ಮುಗಿಯಲ್ಲ. ಒಂದು ದಿನದೊಳಗೆ ಆಂಜಿಯೋಗ್ರಾಂ ಮಾಡಿ, ಬೇಕಾದರೆ ಸ್ಟೆಂಟ್ ಹಾಕಬೇಕು. ಆದರೆ ಘಟ್ಟ ಇಳಿಯೋಕೆ ಬೇಕಾದ ಸಮಯ ಅದರಿಂದ ಸಿಗುತ್ತೆ. ದೊಡ್ಡಪ್ಪ ಮಂಗಳೂರು ಮುಟ್ಟುವಾಗ ನೋವು ಅರ್ಧಕ್ಕರ್ಧ ಇಳಿದಿತ್ತು. ಮಾರನೇ ದಿನ ಸ್ಟೆಂಟ್ ಹಾಕಿದರು. ಈಗ ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹಾಕದೆ ತಿಂಡಿ ತಿನ್ನಲ್ಲ.

ಈ ಬಗ್ಗೆ ಮಾತಾಡುವಾಗ ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರನ್ನು ನೆನೆಯದೆ ಇರೋಕಾಗಲ್ಲ. 2018ರಲ್ಲಿ ಅವರು ಹಳ್ಳಿಯ ಡಾಕ್ಟರುಗಳನ್ನೂ ತಜ್ಞರನ್ನೂ ವಾಟ್ಸಾಪ್ ಗುಂಪುಗಳಲ್ಲಿ ಸೇರಿಸಿದರು. ಹಳ್ಳಿಯಲ್ಲಿ ತೆಗೆದ ಇಸಿಜಿಯ ಫೋಟೋ ಹಾಕಿದರೆ ತಕ್ಷಣ ಸಲಹೆ. ಯಂತ್ರ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ಮೂಲಕ ಇಸಿಜಿ ಯಂತ್ರ ಕೊಡಿಸಿದರು. ನನ್ನ ಮಟ್ಟಿಗೆ ವೈದ್ಯಕೀಯ ಮುನ್ನಡೆ ಅಂದರೆ ಮೊದಲು ಇದೇ. ರೋಬೋಟ್ ಶಸ್ತ್ರಚಿಕಿತ್ಸೆಯ ಸುದ್ದಿ ಓದಿದರೆ ಸಂತೋಷವೇ. ಆದರೆ ಮಲೆನಾಡಿನಲ್ಲಿ ಜೀವ ಉಳಿಸುತ್ತಿರೋದು ಒಂದು ಇಸಿಜಿ ಕಾಗದ, ಒಂದು ಫೋನು, ಒಂದು ಇಂಜೆಕ್ಷನ್.

ಶೃಂಗೇರಿ, ಕೊಪ್ಪ, ಎನ್.ಆರ್. ಪುರ ಕಡೆ ತೋಟ ನೋಡುವುದಾದರೆ ಮಂಗನ ಕಾಯಿಲೆಯ ಬಗ್ಗೆಯೂ ತಿಳಿದಿರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಪತ್ತೆಯಾದ ವೈರಸ್ ಜ್ವರ. ಕಾಡಿನ ಉಣ್ಣೆ ಹುಳು ಕಚ್ಚಿ ಬರುತ್ತೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕೊಟ್ಟಿಗೆಗೆ ದರಗು (ಒಣ ಎಲೆ) ತರೋಕೆ ಕಾಡಿಗೆ ಹೋದವರಿಗೇ ಮೊದಲು. ಜೋರು ಜ್ವರ, ತಲೆನೋವು, ಮೈಕೈ ಮುರಿಯುವ ನೋವು, ಕೆಲವರಿಗೆ ಒಸಡು, ಮೂಗಲ್ಲಿ ರಕ್ತ. ಇದಕ್ಕೆ ಅಂತಲೇ ಇರುವ ಔಷಧಿ ಇಲ್ಲ. ನೀರಿನಂಶ ಕಾಪಾಡೋದು, ಪ್ಲೇಟ್‌ಲೆಟ್ ನೋಡಿಕೊಳ್ಳೋದು, ರಕ್ತಸ್ರಾವ ತಡೆಯೋದು, ಇಷ್ಟೇ ಚಿಕಿತ್ಸೆ. ಅದನ್ನು ಸರಿಯಾಗಿ ಮಾಡಿದರೆ ಬಹುತೇಕರು ಬದುಕುತ್ತಾರೆ. ಸಾಯುವವರು ನೂರಕ್ಕೆ ಮೂರರಿಂದ ಐದು ಜನ. ಹಳೇ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ, ಹೊಸದಕ್ಕೆ ಪ್ರಯತ್ನ ನಡೀತಿದೆ. ಅಲ್ಲಿಯವರೆಗೆ ಉಣ್ಣೆ ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು. ಜ್ವರ ಬಿಟ್ಟ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬರುತ್ತೆ, ಆಗ ತಲೆಗೆ ಏರಬಹುದು. ‘ವಾಸಿಯಾಯ್ತು’ ಅಂತ ಮಾರನೇ ದಿನವೇ ಕೆಲಸಕ್ಕೆ ಹೋಗಬಾರದು.

ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಮೊದಲ ಸಲ ಹೋದವರಿಗೆ ಗಾಬರಿಯಾಗೋದು ಸಹಜ. ಒಬ್ಬರು ಬಂದು ಪೂರ್ತಿ ಕಥೆ ಕೇಳಿ ಬರೆದುಕೊಂಡು ಹೋಗುತ್ತಾರೆ. ಅರ್ಧ ಗಂಟೆಗೆ ಇನ್ನೊಬ್ಬರು ಬಂದು ಅದನ್ನೇ ಕೇಳುತ್ತಾರೆ. ರೌಂಡ್ಸ್ ಹೊತ್ತಿಗೆ ಹಾಸಿಗೆ ಸುತ್ತ ಹತ್ತು ಜನ. ನಮ್ಮ ಅಜ್ಜಿಯರಿಗೆ ಸಿಟ್ಟು ಬರುತ್ತೆ. ಆದರೆ ಹೀಗೆ ಕೇಳುವಾಗಲೇ ಎಷ್ಟೋ ಸಲ ಬಿಟ್ಟುಹೋದ ಮಾತು ಹೊರಬರುತ್ತೆ. ಒಂದು ಮಾತ್ರೆ ನಿಲ್ಲಿಸಿದ್ದು, ಹಿಂದೆ ಯಾವುದೋ ಇಂಜೆಕ್ಷನ್‌ಗೆ ಮೈ ದದ್ದು ಬಂದದ್ದು. ರಾತ್ರಿ ಎರಡು ಗಂಟೆಗೆ ರೋಗಿ ಮುಲುಗಿದರೆ ಓಡಿ ಬರೋದೂ ಆ ಕಲಿಯುವ ಮಕ್ಕಳೇ. ಕೇಳಿದಷ್ಟು ಸಲ ಬೇಜಾರಿಲ್ಲದೆ ಹೇಳಿ. ಇಲ್ಲಿಯ ಆಸ್ಪತ್ರೆಯ ಚೀಟಿ, ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು ಅನ್ನೋದು, ತಪ್ಪದೆ ಕೈಯಲ್ಲಿ ಹಿಡಿದುಕೊಂಡು ಹೋಗಿ.

ವಾಪಸ್ ಬಂದ ಮೇಲಿನ ಕಥೆಯನ್ನು ಯಾರೂ ಹೇಳಲ್ಲ. ಮೆಣಸು ಕುಯ್ಯುವಾಗ ಸಿಲ್ವರ್ ಓಕ್ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಹುಡುಗ ಒಬ್ಬ ನಮ್ಮೂರಲ್ಲಿದ್ದಾನೆ. ಬಿದ್ದಾಗ ಅವನನ್ನು ಕೂರಿಸದೆ, ಬಾಗಿಸದೆ, ಹಲಗೆಗೆ ಕಟ್ಟಿ ಸಾಗಿಸಿದರು. ಅದರಿಂದಲೇ ಕಾಲಿನ ಬಲ ಸ್ವಲ್ಪವಾದರೂ ಉಳಿಯಿತು ಅಂತ ಡಾಕ್ಟರ್ ಹೇಳಿದರು. ಆಪರೇಷನ್ ಚೆನ್ನಾಗಿ ಆಯಿತು. ಆಮೇಲೆ ಶುರುವಾಗಿದ್ದು ತಾಯಿಯ ಕೆಲಸ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣು. ರಾತ್ರಿಯೂ ಅಷ್ಟೇ. ಮೂತ್ರದ ನಳಿಗೆ ನೋಡಿಕೊಳ್ಳಬೇಕು. ವ್ಯಾಯಾಮ ಮಾಡಿಸೋಕೆ ಫಿಸಿಯೋಥೆರಪಿಯವರು ಹತ್ತಿರದಲ್ಲಿ ಇರಲಿಲ್ಲ. ಮಂಗಳೂರಲ್ಲಿ ಕಲಿಸಿದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬಂದು, ಅದನ್ನು ನೋಡಿಕೊಂಡೇ ತಾಯಿ ಮಾಡಿಸಿದರು. ಹುಡುಗ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾನೆ. ಮರ ಹತ್ತೋದು ಇನ್ನಿಲ್ಲ. ಮೆಣಸಿನ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದಾನೆ. ಇವನ ಚೇತರಿಕೆಯಲ್ಲಿ ಶಸ್ತ್ರವೈದ್ಯರ ಪಾಲು ಎಷ್ಟೋ ಆ ತಾಯಿಯ ಪಾಲೂ ಅಷ್ಟೇ ಅಂತ ನಾನು ನಂಬಿದ್ದೇನೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್‌ನವರಿಗೆ ಒಂದು ಭಾಗ ಮಾತ್ರ. ತುರ್ತು ಅಲ್ಲದ ಕೆಲವು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ನಿಮ್ಮ ತೋಟದಲ್ಲಿ ದುಡಿಯುವವರ ಕಾರ್ಡು ಸರಿಯಿದೆಯಾ ಅಂತ ನೀವೇ ಒಮ್ಮೆ ನೋಡಿ. ಅವಸರದಲ್ಲಿ ಅವರಿಗೆ ಅದು ಸಿಗಲ್ಲ.

ಕೊನೆಯದಾಗಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿಯನ್ನು ಪೂರ್ತಿ ನಂಬೋಕಾಗಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿಯೇ ಮುಚ್ಚಿಹೋಗಿತ್ತು. ಸಕಲೇಶಪುರದ ಕಡೆಯಿಂದ ಇಳಿಯುವ ಶಿರಾಡಿ ಘಾಟಿಯೂ ಆಗಾಗ ಮುಚ್ಚುತ್ತೆ. ಆಗ ಹಾಸನವೇ ಗತಿ, 60–70 ಕಿಲೋಮೀಟರ್, ಘಟ್ಟ ಇಲ್ಲದ ದಾರಿ. ಹಾಗಾಗಿ ಮಳೆಗಾಲದಲ್ಲಿ ರೋಗಿಯನ್ನು ಹತ್ತಿಸುವ ಮೊದಲು ಕೊಟ್ಟಿಗೆಹಾರದಲ್ಲಿ ಗೊತ್ತಿರುವವರಿಗೆ ಒಂದು ಫೋನ್ ಮಾಡಿ, ದಾರಿ ತೆರೆದಿದೆಯಾ ಅಂತ ಕೇಳಿ. ತೋಟ ತಗೊಂಡ ಮೇಲೆ ಅಲ್ಲಿನ ಒಬ್ಬ ಟೀ ಅಂಗಡಿಯವರ ನಂಬರು, ಒಬ್ಬ ಜೀಪಿನವರ ನಂಬರು ನಾನೇ ಕೊಡಿಸುತ್ತೇನೆ. ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ, 108ರ ಪಕ್ಕದಲ್ಲೇ.