ತಾಮ್ರದ ಮದ್ದಿನ ಕುಪ್ಪಿ ಯಾವ ಕಾಲದ್ದು?

ಪ್ರಶ್ನೆ: ನಮ್ಮ ಐನ್‌ಮನೆಯ ಅಟ್ಟದಲ್ಲಿ ಸೋರೆ ಬುರುಡೆಯ ಆಕಾರದ ತಾಮ್ರದ ಕುಪ್ಪಿಯೊಂದು ಸಿಕ್ಕಿದೆ. ಮೈಮೇಲೆ ಬೇಟೆನಾಯಿಯ ಉಬ್ಬುಚಿತ್ರವಿದೆ. ಹಿತ್ತಾಳೆಯ ಮೂತಿಯ ಬಳಿ ಒತ್ತುವ ಸನ್ನೆ, ಕೊಳವೆಯ ಮೇಲೆ ಸಣ್ಣ ಅಂಕಿಗಳು, ‘ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್, ಶೆಫೀಲ್ಡ್’ ಎಂಬ ಅಚ್ಚು ಇವೆ. ಇದು ಟಿಪ್ಪುವಿನ ಕಾಲದ್ದೆಂದು ಹಿರಿಯರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಇದು ಕೋವಿಮದ್ದು ಒಯ್ಯುವ ಕುಪ್ಪಿಯೆಂಬುದರಲ್ಲಿ ಸಂದೇಹವಿಲ್ಲ, ಆದರೆ ಟಿಪ್ಪುವಿನ ಕಾಲದ್ದಲ್ಲ. ಟಿಪ್ಪು 1799ರಲ್ಲಿ ಮಡಿದರೆ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಈ ಕಂಪನಿ ಹುಟ್ಟಿದ್ದೇ 19ನೇ ಶತಮಾನದಲ್ಲಿ. ಬತ್ತಿಯಿಂದ ಕಿಡಿ ತಾಗಿಸುವ ನಮ್ಮ ಹಳೆಯ ಕೋವಿಗಳಿಗೆ ನಳಿಗೆಯ ಮದ್ದಲ್ಲದೆ ಹೊರಬದಿಯ ಬಟ್ಟಲಿಗೂ ನುಣುಪಾದ ಮದ್ದು ಬೇಕಿತ್ತು. ಅದಕ್ಕೆಂದೇ ಕೊಂಬು, ದಂತ, ಚಿಪ್ಪುಗಳಿಂದ ಚಿಕ್ಕ ಕುಪ್ಪಿಗಳನ್ನು ಮಾಡುತ್ತಿದ್ದರು. ನಿಮ್ಮದು ಬೇಟೆಗಾರರ ಕುಪ್ಪಿ, ಬಹುಮಟ್ಟಿಗೆ ಕೇಪಿನ ಕೋವಿಯ, ಅಂದರೆ ಬತ್ತಿಯ ಬದಲು ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಗೆಯಿಂದ (ಕೇಪು) ಹಾರುವ ಕೋವಿಯ ಜೊತೆಗಾರ.

ಚಿತ್ರಕ್ಕಿಂತ ಮೂತಿಯನ್ನು ಗಮನಿಸಿ ನೋಡಿ. ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ, ಕುಪ್ಪಿಯನ್ನು ತಲೆಕೆಳಗಾಗಿಸಿ ಸನ್ನೆಯನ್ನು ಒತ್ತಿದರೆ ಕೊಳವೆಯಲ್ಲಿ ಮದ್ದು ತುಂಬುತ್ತದೆ. ಸನ್ನೆ ಬಿಟ್ಟೊಡನೆ ಒಳಬಾಗಿಲು ಮುಚ್ಚಿ, ಒಂದು ಈಡಿಗೆ ಬೇಕಾದಷ್ಟೇ ಮದ್ದು ಉಳಿಯುತ್ತದೆ. ಅಂಕಿಗಳು ಡ್ರಾಮ್ ಎಂಬ ತೂಕದವು. ಒಂದು ಡ್ರಾಮ್ ಸುಮಾರು 1.77 ಗ್ರಾಂ. ನಳಿಗೆಯಲ್ಲಿ ಹಿಂದಿನ ಈಡಿನ ಕೆಂಡ ಉಳಿದಿದ್ದರೂ ಇಡೀ ಕುಪ್ಪಿಗೆ ಬೆಂಕಿ ತಗಲದಂತೆ ಈ ಬಾಗಿಲು ತಕ್ಕಮಟ್ಟಿಗೆ ಕಾಯುತ್ತಿತ್ತು. ಕಬ್ಬಿಣದಂತೆ ಕಿಡಿ ಹಾರಿಸುವುದಿಲ್ಲವೆಂಬುದೂ ತಾಮ್ರ, ಹಿತ್ತಾಳೆಗಳನ್ನು ಆರಿಸಲು ಒಂದು ಕಾರಣ. ಮದ್ದನ್ನೂ ಗುಂಡನ್ನೂ ಒಂದೇ ತೋಟೆಯಲ್ಲಿ ತುಂಬಿ ಮಾರುವುದು ರೂಢಿಗೆ ಬಂದಂತೆ ಇವು ಮೂಲೆ ಸೇರಿದವು.

ಹೆಸರಿನ ಅಚ್ಚೊಂದನ್ನೇ ನಂಬಬೇಡಿ, ಏಕೆಂದರೆ ಅಲಂಕಾರಕ್ಕೆಂದು ಮಾಡಿದ ನಕಲುಗಳು ಬಹಳ ಇವೆ. ಸನ್ನೆ ಕೇವಲ ತೋರಿಕೆಯದಾಗಿದ್ದು ಕೊಳವೆಯ ಮೇಲೆ ಅಳತೆಯೇ ಇಲ್ಲದಿದ್ದರೆ ಅನುಮಾನಿಸಬೇಕು. ನಿಮ್ಮದರಲ್ಲಿ ಅಂಕಿಗಳಿರುವುದು ಒಳ್ಳೆಯ ಲಕ್ಷಣ.

ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತೆಳು ತಗಡಿನ ಉಬ್ಬುಚಿತ್ರವೂ ಅಕ್ಷರಗಳೂ ಸವೆದುಹೋಗುತ್ತವೆ. ಅಲುಗಾಡಿಸಿದಾಗ ಒಳಗೆ ಏನಾದರೂ ಸದ್ದಾದರೆ ದೀಪ ಹಿಡಿದು ಇಣುಕುವುದು, ಬೆಸುಗೆ ಹಾಕಿಸುವುದು ಖಂಡಿತ ಬೇಡ. ಹಳೆಯ ಮದ್ದು ಈಗಲೂ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಮೊದಲು ಪೊಲೀಸ್ ಠಾಣೆಗೆ ತಿಳಿಸಿ.