ಹಳ್ಳದ ನೆರೆ: ತಡೆಗೋಡೆ ಕೇಳುವ ಮೊದಲು

ಅಂಕೋಲೆಯ ಅಣ್ಣ ಕೇಳಿದ್ದು ಇಷ್ಟು: ಕೇರಿಯ ಪಕ್ಕದ ಹಳ್ಳ ಮಳೆಗಾಲದಲ್ಲಿ ಅಂಗಳಕ್ಕೆ ನುಗ್ಗುತ್ತದೆ. ತಡೆಗೋಡೆ, ಹೂಳೆತ್ತುವುದು, ಮೇಲೊಂದು ಚೆಕ್‌ಡ್ಯಾಂ, ಈ ಮೂರರಲ್ಲಿ ಗ್ರಾಮಸಭೆಯಲ್ಲಿ ಯಾವುದನ್ನು ಕೇಳಬೇಕು?

ಸದ್ಯಕ್ಕೆ ಯಾವುದೂ ಬೇಡ. ನೀರು ಎಲ್ಲಿ ಸಿಕ್ಕಿಬೀಳುತ್ತಿದೆ ಎಂಬುದು ಮೊದಲು ಗೊತ್ತಾಗಲಿ. ಮುಂದಿನ ನೆರೆಗೆ ರಸ್ತೆ ಮೋರಿಯ ಮೇಲ್ಬದಿ, ಕೆಳಬದಿ ಎರಡೂ ಕಡೆ ನೀರೇರಿದ ಮಟ್ಟಕ್ಕೆ ಪೇಂಟ್ ಗುರುತು ಹಾಕಿ, ಗಂಟೆ ಬರೆದಿಡಿ. ನೀರಿಳಿದ ಮೇಲೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪ್) ಹಿಡಿದು ನೋಡಿ. ಎರಡು ಗುರುತಿಗೆ ಒಂದಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಷ ಮೋರಿಯದು. ವ್ಯತ್ಯಾಸವೇ ಇಲ್ಲ, ನೀರು ಭರತಕ್ಕೆ ಏರಿ ಇಳಿತಕ್ಕೆ ಇಳಿಯುತ್ತದೆ ಎಂದಾದರೆ ದೋಷ ಅಳಿವೆಯ (ನೀರು ಸಮುದ್ರ ಸೇರುವ ಬಾಯಿಯ) ಕಡೆಯದು. ಆಗ ಮೋರಿ ಎಷ್ಟು ದೊಡ್ಡದಾದರೂ ಅಷ್ಟೇ.

ಇನ್ನು ಲೆಕ್ಕ. ಹಳ್ಳಕ್ಕೆ ನೀರು ಕೊಡುವ ಗುಡ್ಡ, ಬಯಲು ಸೇರಿ 100 ಹೆಕ್ಟೇರ್ (ಸುಮಾರು 250 ಎಕರೆ) ಎಂದಿಟ್ಟುಕೊಳ್ಳಿ. ಗಂಟೆಗೆ 60 ಮಿಮೀ ಜಡಿಮಳೆ; ಜುಲೈ ಹೊತ್ತಿಗೆ ನೆಲ ತಣಿದಿರುವುದರಿಂದ ಹತ್ತರಲ್ಲಿ ಏಳು ಪಾಲು ಹರಿದೇ ಬರುತ್ತದೆ. 0.7 × 60 × 100 ÷ 360 = ಸೆಕೆಂಡಿಗೆ ಸುಮಾರು 12 ಘನ ಮೀಟರ್ (360ರಿಂದ ಭಾಗಿಸುವುದು ಮಿಮೀ, ಹೆಕ್ಟೇರ್, ಗಂಟೆಯ ಲೆಕ್ಕವನ್ನು ಸೆಕೆಂಡಿನ ಘನ ಮೀಟರ್‌ಗೆ ತರಲು). 900 ಮಿಮೀ ಹ್ಯೂಮ್ ಪೈಪ್ (ಮೋರಿಗೆ ಹಾಕುವ ಕಾಂಕ್ರೀಟ್ ಪೈಪ್) ತುಂಬಿ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೂ 1.3 ಘನ ಮೀಟರ್ ದಾಟಿಸುವುದಿಲ್ಲ. ನಮ್ಮ ಪಂಚಾಯತ್ ರಸ್ತೆಗಳಲ್ಲಿ ಅಂಥವು ಎರಡು ಇದ್ದರೆ ಪುಣ್ಯ! 3 × 2 ಮೀಟರ್ ಬಾಕ್ಸ್ ಮೋರಿಯೂ ಅದೇ ವೇಗಕ್ಕೆ 12 ಘನ ಮೀಟರ್ ದಾಟಿಸಿ ಅಂಚಿಗೆ ಮುಟ್ಟುತ್ತದೆ, ಹಾಗಾಗಿ 4 ಮೀಟರ್ ಅಗಲ ಕೇಳಿ. ಕಿಂಡಿ ಒಂದೇ ಇರಲಿ. ಸಾಲು ಪೈಪುಗಳ ನಡುವಿನ ಗೋಡೆಗೆ ಬಾಳೆದಿಂಡು, ಅಡಿಕೆ ಹಾಳೆ, ಕೊಂಬೆ ಸಿಕ್ಕಿ ಅರ್ಧ ಗಂಟೆಯಲ್ಲಿ ಬಾಯಿ ಕಟ್ಟುತ್ತದೆ. ಅಗಲ ಮಾಡುವ ಕೆಲಸ ಕೆಳಗಿನ ಮೋರಿಯಿಂದ ಶುರುವಾಗಬೇಕು. ಮೇಲಿನದನ್ನು ಮೊದಲು ಬಿಚ್ಚಿದರೆ ನಿಮ್ಮ ನೆರೆ ಕೆಳಗಿನ ಕೇರಿಗೆ ಹೋಯಿತು, ಅಷ್ಟೆ.

ಚೆಕ್‌ಡ್ಯಾಂ ನೆರೆ ತಡೆಯುವುದಿಲ್ಲ. 21 × 21 × 3 ಮೀಟರ್ ಕೃಷಿಹೊಂಡವೇ, ಬದಿಗಳು ಇಳಿಜಾರಾಗಿರುವುದರಿಂದ, ಸಾವಿರ ಘನ ಮೀಟರ್ ಹಿಡಿಯದು; ಸೆಕೆಂಡಿಗೆ 12 ಘನ ಮೀಟರ್ ಹರಿವಿಗೆ ಅದು ಒಂದೂವರೆ ನಿಮಿಷದೊಳಗೆ ತುಂಬುತ್ತದೆ. ಹಳ್ಳದ ಚೆಕ್‌ಡ್ಯಾಂ ಅಂತೂ ಮಳೆಗಾಲದಲ್ಲಿ ಮೊದಲೇ ತುಂಬಿ ಕೂತಿರುತ್ತದೆ, ಹೂಳು ಕೂತು ತಳವೂ ಏರುತ್ತದೆ. ಈಗಾಗಲೇ ಕಿಂಡಿ ಅಣೆಕಟ್ಟು (ಬೇಸಗೆಗೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಒಡ್ಡು) ಇದ್ದರೆ ಮೇ ಮುಗಿಯುವುದರೊಳಗೆ ಹಲಗೆ ತೆಗೆದಿದ್ದಾರೋ ನೋಡಿ. ಜೂನ್‌ವರೆಗೆ ಮರೆತ ಹಲಗೆಯೇ ಎಷ್ಟೋ ಕಡೆ ನೆರೆಗೆ ಕಾರಣ.

ತಡೆಗೋಡೆ ಎಲ್ಲರಿಗೂ ಇಷ್ಟ, ಕಣ್ಣಿಗೆ ಕಾಣುತ್ತದಲ್ಲ. ಆದರೆ ಅದು ಹಳ್ಳವನ್ನು ಕಿರಿದು ಮಾಡಿ ವೇಗ ಹೆಚ್ಚಿಸುತ್ತದೆ, ವೇಗ ಗೋಡೆಯ ಬುಡವನ್ನೇ ಕೊರೆಯುತ್ತದೆ. ಪಾಯ ಹಳ್ಳದ ತಳಕ್ಕಿಂತ ಕನಿಷ್ಠ ಒಂದು ಮೀಟರ್ ಕೆಳಗಿಳಿಯದಿದ್ದರೆ ಬಿಲ್ ಪಾಸಾಗುವಷ್ಟರಲ್ಲಿ ಗೋಡೆ ವಾಲುತ್ತದೆ. ಅಂಗಳದ ಮಳೆನೀರೂ ಗೋಡೆಯ ಹಿಂದೆ ನಿಲ್ಲುತ್ತದೆ. ಅದಕ್ಕೆ ಹೊರಮುಖವಾಗಿ ಮಾತ್ರ ತೆರೆಯುವ ಮುಚ್ಚಳದ ಪೈಪ್ ಬೇಕು. ತಿರುವಿನಲ್ಲಿ ದಡ ಕುಸಿಯುವ ಹತ್ತಿಪ್ಪತ್ತು ಮೀಟರ್‌ಗೆ ಮಾತ್ರ ಗೋಡೆ ಸಾಕು. ಉಳಿದ ದಡಕ್ಕೆ ಕೇದಿಗೆ, ಲಾವಂಚ, ಬಿದಿರು ಇರಲಿ, ನಡುಪಾತ್ರಕ್ಕೆ ಬಂದ ಕೇದಿಗೆ ಮಾತ್ರ ಕಡಿಯಿರಿ.

ಹೂಳೆತ್ತುವುದು ಮೋರಿಯ ಬಾಯಿ ಮತ್ತು ಅದರ ಕೆಳಗಿನ ಪಾತ್ರಕ್ಕೆ ಸರಿ, ಏಪ್ರಿಲ್-ಮೇ ತಿಂಗಳಲ್ಲಿ. ತೆಗೆದದ್ದನ್ನು ದಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ವಾಪಸ್. ಇಳಿತದ ಮಟ್ಟಕ್ಕಿಂತ ಆಳಕ್ಕೆ ತೋಡಿದರೆ ನೆರೆ ಕಡಿಮೆಯಾಗದು, ಉಪ್ಪುನೀರು ಬಾವಿಯತ್ತ ಬರುತ್ತದೆ.

ದೋಷ ಅಳಿವೆಯದಾದರೆ ಗಜನಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಕಟ್ಟೆಗೆ ಹಾಕುವಂಥ, ಸಮುದ್ರದ ಕಡೆಗೆ ಮಾತ್ರ ತೆರೆಯುವ ಬಾಗಿಲು ಬೇಕು. ಹೊಸ್ತಿಲನ್ನು ತಳಕ್ಕಿಂತ ಒಂದು ಗೇಣು ಎತ್ತರಿಸಿ. ಒಂದು ತೆಂಗಿನ ಸಿಪ್ಪೆ ಸಿಕ್ಕಿದರೂ ಬಾಗಿಲು ಮುಚ್ಚುವುದಿಲ್ಲ, ಉಪ್ಪು ಗದ್ದೆಗೆ ನುಗ್ಗುತ್ತದೆ. ಇನ್ನೊಂದು ಮಾತು: ಬಾಗಿಲು ನಾಲ್ಕು ತಾಸು ಮುಚ್ಚಿದಾಗ ಸೆಕೆಂಡಿಗೆ 2 ಘನ ಮೀಟರ್ ಬಂದರೂ 28,800 ಘನ ಮೀಟರ್ ನೀರು ಒಳಗೇ ನಿಲ್ಲಬೇಕು. ಅದು ಸುಮಾರು ಹತ್ತು ಎಕರೆ ಗದ್ದೆಯಲ್ಲಿ 70 ಸೆಂಟಿಮೀಟರ್. ಆ ಗದ್ದೆಗೆ ಮಣ್ಣು ತುಂಬಿ ಸೈಟು ಮಾಡಿದರೆ ಬಾಗಿಲು ಹಾಕಿಯೂ ವ್ಯರ್ಥ.

ಇದೇ ಪ್ರಶ್ನೆಗೆ ಶಿರಸಿ ಕಡೆಯವರೊಬ್ಬರು ಗುಡ್ಡದ ಮೇಲೆ ಇಂಗುಗುಂಡಿ ತೋಡಿ ಎಂದಿದ್ದಾರೆ. ಮನೆಯ ಮೇಲಿನ ಕಡಿದಾದ ಗುಡ್ಡದಲ್ಲಿ ಮಾತ್ರ ಬೇಡ, ಇಂಗಿದ ನೀರಿಗೆ ಮಣ್ಣು ಜಾರಬಹುದು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದು ನೆನಪಿರಲಿ.

ನೀರು ನುಗ್ಗುವುದು ಮೂರು-ನಾಲ್ಕು ಮನೆಗೆ ಮಾತ್ರ ಎಂದಾದರೆ, ಅವುಗಳ ಜಗಲಿ ಮತ್ತು ಬಾವಿಕಟ್ಟೆಯನ್ನು ನೆರೆ ಗುರುತಿಗಿಂತ ಒಂದೂವರೆ ಅಡಿ ಎತ್ತರಿಸಿ, ಸ್ವಿಚ್‌ಬೋರ್ಡನ್ನು ಮೇಲಕ್ಕೆ ಸರಿಸುವ ಖರ್ಚನ್ನೂ ಎಸ್ಟಿಮೇಟ್ ಪಕ್ಕದಲ್ಲಿ ಬರೆಯಿಸಿ. ಎಂಜಿನಿಯರ್ ಬಂದಾಗ ಪೇಂಟ್ ಗುರುತಿನ ಫೋಟೊ ಮುಂದಿಡಿ.